ಕೆಂಗಲ್ ಹನುಮಂತಯ್ಯನವರ ನಾಯಕತ್ವದ ಉದಯಾಸ್ತಗಳು

ಕೌಟಿಲ್ಯನು ರಾಜ್ಯಕ್ಕೆ ಒದಗುವ ವ್ಯಸನಗಳನ್ನು ವಿವೇಚಿಸುವ ಸಂದರ್ಭದಲ್ಲಿ ಕೋಪವನ್ನು ಬಾಹ್ಯವೆಂದೂ ಅಭ್ಯಂತರವೆಂದೂ ಎರಡಾಗಿ ವಿಂಗಡಿಸಿ, ಹೊರಗಿನವರ ಕೋಪಕ್ಕಿಂತ ಒಳಗಿನವರ ಕೋಪವೇ ಹೆಚ್ಚು ಕೇಡನ್ನು ತರತಕ್ಕದ್ದೆಂದು ನಿರ್ಣಯಿಸಿದ್ದಾನೆ. ಅದನ್ನು ಹಾವಿನ ಭಯಕ್ಕೆ ಹೋಲಿಸಿದ್ದಾನೆ. ಅವನು ಹೇಳಿದುದು ಅರಸರನ್ನು ಕುರಿತು. ಅರಸರು ಹೋಗಿ ಅವರ ಸ್ಥಾನಕ್ಕೆ ಶಾಸಕಪಕ್ಷದ ನಾಯಕನು ಬಂದ ಮೇಲೆ ಈ ಮಾತಿನ ಸತ್ಯವು ಕುಂದಲಿಲ್ಲವೆಂಬುದಕ್ಕೆ ಮೈಸೂರು ಸಂಸ್ಥಾನದ 1952ರಿಂದ 1956ರ ವರೆಗಿನ ಇತಿಹಾಸವೇ ಸಾಕ್ಷಿಯಾಗಿದೆ. ಆ ಅವಧಿಯಲ್ಲಿ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರನ್ನು ಚುನಾವಣೆಯಲ್ಲಿ ಪ್ರಜೆಗಳು ಸೋಲಿಸಲಿಲ್ಲ. ಸಭೆಯಲ್ಲಿ ವಿರೋಧಪಕ್ಷದವರು ಸೋಲಿಸಲಿಲ್ಲ. ಅವರನ್ನು ಪೀಠದಿಂದ ಇಳಿಸಿದವರು ಅವರನ್ನು ಪೀಠಕ್ಕೇರಿಸಿದವರೇ.

ಹನುಮಂತಯ್ಯನವರು 1908ರಲ್ಲಿ, ಆಗ ಕ್ಲೋಸ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈಗಿನ ರಾಮನಗರಕ್ಕೆ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ಹೆಸರಿನ ಹಿಂದಿರುವ 'ಕೆಂಗಲ್' ಎಂಬುದು ಬೆಂಗಳೂರು ಮೈಸೂರು ಹೆದ್ದಾರಿಯ ಮಗ್ಗುಲಲ್ಲಿರುವ ಆಂಜನೇಯ ಕ್ಷೇತ್ರದ ಹೆಸರು. ಕೆಂಪಾದ ಕಲ್ಲು ಕೆಂಗಲ್. ಕಕಾರಕ್ಕೆ ಗಕಾರವು ಆದೇಶವಾಗಿ ಬರುವ ಈ ಸಂಧಿಕಾರ್ಯವನ್ನು ವ್ಯಾಕರಣ ಬೋಧಿಸುವವರಿಗೆ ವಿವರಿಸಬೇಕಾಗಿಲ್ಲ. ಕಲ್ಲನ್ನು ಹೆಸರಿನಲ್ಲಿ ಧರಿಸಿದವರ ಕೀರ್ತಿಯೂ ಅಪಕೀರ್ತಿಯೂ ಮುಂದೆ ಕಲ್ಲಿನ ಕಟ್ಟಡವೊಂದರಿಂದಲೇ ಬಂದುದು ಕಾಕತಾಳೀಯವೆನ್ನಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿಯನ್ನೂ ಪುಣೆಯಲ್ಲಿ ನ್ಯಾಯಶಾಸ್ತ್ರದ ಪದವಿಯನ್ನೂ ಪಡೆದು, ಮೂವತ್ತರ ದಶಕದ ಆದಿಯಲ್ಲಿ ವಕೀಲಿ ವೃತ್ತಿಯನ್ನು ಹಿಡಿದರು. ಕಾಂಗ್ರೆಸ್ ಚಳವಳಿಯು ಅವರನ್ನು ನ್ಯಾಯಾಲಯದಿಂದ ಸೆರೆಮನೆಗೂ ಸೆರೆಮನೆಯಿಂದ ಸಭೆಗೂ ಕರೆದುಕೊಂಡು ಹೋಯಿತು.

ಆ ಸಭೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯಕ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿಸಭೆಯು ದೇಶೀಯ ಸಂಸ್ಥಾನಗಳಲ್ಲಿ ಆ ಬಗೆಯ ಸಭೆಗಳಿಗೆ ಮೊದಲನೆಯದೆಂದು ಖ್ಯಾತಿವೆತ್ತದ್ದು. ಮೊದಲ ವರ್ಷ ಅದರಲ್ಲಿ 144 ಮಂದಿ ಸದಸ್ಯರಿದ್ದರು. 1907ರಲ್ಲಿ ನ್ಯಾಯವಿಧಾಯಕಸಭೆಯು ಅದರ ಜೊತೆಗೆ ಬಂದಿತು. 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿಸಭೆಗೆ ಶಾಸನದ ಆಧಾರವೂ ದೊರೆಯಿತು. ಹೀಗಿದ್ದರೂ ದಿವಾನರು ಈ ಸಭೆಗೆ ಉತ್ತರವಾದಿಗಳಾಗಿರಲಿಲ್ಲ. ಪ್ರತಿನಿಧಿಗಳು ಕುಂದುಕೊರತೆಗಳನ್ನು ನಿವೇದಿಸಬಹುದು, ಟೀಕಿಸಬಹುದು, ಮತ ಕೊಡಬಹುದು. ಮತದಿಂದ ಸರ್ಕಾರವನ್ನು ಕೆಡಹುವಂತಿಲ್ಲ. ಇಂಥ ಸಭೆಯಲ್ಲಿ ಹನುಮಂತಯ್ಯನವರು 1940ರ ದಶಕದಲ್ಲಿ ಕಾಂಗ್ರೆಸ್ ಪಕ್ಷದ ನಾಯಕರಾದರು. ಅಲ್ಲಿ ನಾಯಕನಾದವನಿಗೆ ಬೇಕಾದುದು ವಾಕ್ಪಟುತ್ವ, ಧೈರ್ಯ ಮತ್ತು ಎದುರಿನ ಪೀಠದಲ್ಲಿ ಕುಳಿತವರಿಗೆ ಅಂಜದ ದೃಷ್ಟಿ. ಈ ಮೂರೂ ಅವರಲ್ಲಿ ಪುಷ್ಕಳವಾಗಿದ್ದುವು. ಹಿಂದಿನ ಸಾಲುಗಳಲ್ಲಿ ಕುಳಿತ ತನ್ನವರನ್ನು ದಿನದಿನವೂ ಎಣಿಸಿಕೊಳ್ಳುವ, ಅವರ ಮುನಿಸನ್ನು ತಿಳಿಯುವ, ತಿಳಿದು ತಣಿಸುವ ವಿದ್ಯೆಯು ಮಾತ್ರ ಅಂಥ ಸಭೆಯಲ್ಲಿ ಯಾರಿಗೂ ಅಭ್ಯಾಸವಾಗತಕ್ಕದ್ದಾಗಿರಲಿಲ್ಲ. ಅವರ ಮುಂದಿನ ಚರಿತ್ರೆಯನ್ನು ಓದುವಾಗ ಈ ಸಂಗತಿಯನ್ನು ಮರೆಯಬಾರದು.

1947ರ ಸೆಪ್ಟೆಂಬರಿನಲ್ಲಿ ಮೊದಲಾದ 'ಮೈಸೂರು ಚಲೋ' ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರವು ರಚಿತವಾಯಿತು. ಹನುಮಂತಯ್ಯನವರು ಆ ಮಂತ್ರಿಮಂಡಲದಲ್ಲಿರಲಿಲ್ಲ. ಪಕ್ಷದ ಸಂಘಟನೆಯು ಅವರ ಕ್ಷೇತ್ರವಾಯಿತು. ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷತೆಯೂ ಅವರಿಗೆ ಬಂದಿತು. ಅಧಿಕಾರದಲ್ಲಿದ್ದವರ ಮೇಲೆ ಪಕ್ಷದೊಳಗೆ ಬೆಳೆಯುವ ಅಸಮಾಧಾನವು ಹೊರಗಿದ್ದವರಿಗೆ ಬಲವಾಗುವುದು ಲೋಕಸಹಜ. ರೆಡ್ಡಿಯವರ ವಿಷಯದಲ್ಲಿ ಈ ನಿಯಮದಿಂದ ಲಾಭವನ್ನು ಪಡೆದವರು ಹನುಮಂತಯ್ಯನವರು. ನಾಲ್ಕು ವರ್ಷಗಳ ತರುವಾಯ ಅದೇ ನಿಯಮಕ್ಕೆ ಗುರಿಯಾದವರೂ ಅವರೇ.

ಈ ನಡುವೆ ಅವರು ಭಾರತ ಸಂವಿಧಾನಸಭೆಯ ಸದಸ್ಯರಾದರು. 1949ರ ನವೆಂಬರಿನಲ್ಲಿ, ಸಂವಿಧಾನದ ಕರಡು ಕೊನೆಯ ವಾಚನಕ್ಕೆ ಬಂದಾಗ, ಅವರು ಆಡಿದ ಮಾತೊಂದು ಇಂದಿಗೂ ಸಂವಿಧಾನದ ಇತಿಹಾಸಕಾರರ ಗ್ರಂಥಗಳಲ್ಲಿ ಉದಾಹೃತವಾಗುತ್ತಿದೆ. ತಾವು ಬಯಸಿದ್ದು ವೀಣೆಯ ಅಥವಾ ಸಿತಾರಿನ ನಾದವನ್ನು, ಕೇಳಿಬಂದದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯವೆಂಬುದು ಅದರ ತಾತ್ಪರ್ಯ. ಸಂವಿಧಾನವನ್ನು ರಚಿಸಿದವರು ಪಡೆದ ಶಿಕ್ಷಣವೇ ಅದಕ್ಕೆ ಕಾರಣವೆಂದು ಅವರು ಹೇಳಿದರು. ಆ ಮಾತು ನ್ಯಾಯವಾದುದೇ ಎಂಬ ವಿಚಾರವು ಬೇರೆ. ಸ್ವತಃ ಇಂಗ್ಲಿಷ್ ನ್ಯಾಯಶಾಸ್ತ್ರವನ್ನು ಕಲಿತು ವಕೀಲರಾದವರು ಅದನ್ನು ಆಡಿದರೆಂಬುದನ್ನೂ ಒಪ್ಪಿಕೊಳ್ಳಬೇಕು. ಆದರೂ ಅದು ಸಭಾರಂಜನೆಗಾಗಿ ಆಡಿದ ಚಮತ್ಕಾರವೆಂದು ತಳ್ಳಿಬಿಡಲು ಬಾರದು. ಹೀಗೆ ಮಾತನಾಡಿದವರ ಕೈಗೆ ಮೂರು ವರ್ಷಗಳೊಳಗೆ ಒಂದು ಸಂಸ್ಥಾನದ ಆಡಳಿತವು ಬಂದಾಗ ಅವರು ಕಟ್ಟಿಸಿದ ಮಂದಿರದ ರೂಪವನ್ನು ಈ ಮಾತೇ ನಿಶ್ಚಯಿಸಿತು.

1952ರ ಮೊದಲನೆಯ ಮಹಾಚುನಾವಣೆಯಲ್ಲಿ ಮೈಸೂರು ಶಾಸನಸಭೆಯ 99 ಸ್ಥಾನಗಳ ಪೈಕಿ ಕಾಂಗ್ರೆಸ್ ಪಕ್ಷಕ್ಕೆ 74 ಸ್ಥಾನಗಳು ಲಭಿಸಿದುವು. ಶಾಸಕಪಕ್ಷದ ನಾಯಕತ್ವವನ್ನು ಪಡೆದ ಹನುಮಂತಯ್ಯನವರು ಆ ವರ್ಷದ ಮಾರ್ಚ್ 30ರಂದು ಮುಖ್ಯಮಂತ್ರಿಗಳಾದರು. ನೂತನ ಸಭೆಯು ಜೂನ್ 18ರಂದು, ಜನರು ಅಠಾರಾ ಕಛೇರಿಯೆಂದು ಕರೆಯುತ್ತಿದ್ದ ಹಳೆಯ ಸರ್ಕಾರಿ ಕಛೇರಿಗಳ ಕಟ್ಟಡದಲ್ಲಿ ಮೊದಲ ಬಾರಿಗೆ ಸೇರಿತು. ಸಭಾಪತಿಯ ಸ್ಥಾನಕ್ಕೆ ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಎಚ್. ಸಿದ್ಧಯ್ಯನವರಿಗೆ ಪ್ರತಿಸ್ಪರ್ಧಿಗಳಾಗಿ ನಿಂತರು. ಸಿದ್ಧಯ್ಯನವರು 74 ಮತಗಳಿಂದ ಆಯ್ಕೆಯಾದರು. ಸಭೆಯೊಳಗಿನ ಬಲಾಬಲವು ಅಂದೇ ತಿಳಿದುಹೋಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಗೋಪಾಲಗೌಡರಂಥ ಪ್ರತಿಪಕ್ಷದ ವಾಗ್ಮಿಗಳು ಸರ್ಕಾರವನ್ನು ನೋಯಿಸಬಲ್ಲವರಾಗಿದ್ದರು, ಕೆಡಹಬಲ್ಲವರಾಗಿರಲಿಲ್ಲ.

ಆಡಳಿತದ ಎಲ್ಲ ಕಾರ್ಯಗಳನ್ನೂ ಇಲ್ಲಿ ವಿವರಿಸುವುದಕ್ಕೆ ಅವಕಾಶವಿಲ್ಲ. ಗೇಣಿದಾರರ ರಕ್ಷಣೆಗೆ 1952ರ ಗೇಣಿ ಶಾಸನ, ಗ್ರಾಮಪಂಚಾಯತಿಗಳನ್ನೂ ಜಿಲ್ಲಾ ಬೋರ್ಡುಗಳನ್ನೂ ಕುರಿತ ಅದೇ ವರ್ಷದ ಶಾಸನ, ತರುವಾಯ ಇನಾಮುಗಳ ರದ್ದಿಯಾತಿ, ಇವು ಮುಖ್ಯವಾದುವು. ಭೂಸುಧಾರಣೆಯ ವಿಷಯದಲ್ಲಿ ಶ್ರಮಿಸಿದ ಕಡಿದಾಳು ಮಂಜಪ್ಪನವರು ಆ ಮಂತ್ರಿಮಂಡಲದಲ್ಲಿದ್ದವರೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಸ್ಥಾಪಿತವಾದಾಗ ಮದ್ರಾಸ್ ಪ್ರಾಂತದಿಂದ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಸಭೆಯ ಸದಸ್ಯಸಂಖ್ಯೆಯು ಐದು ಹೆಚ್ಚಿತು.

ಇನ್ನು ಸೌಧದ ವಿಚಾರ. ಇದರ ಶಂಕುಸ್ಥಾಪನೆಯು ಹನುಮಂತಯ್ಯನವರ ಕಾಲದ್ದಲ್ಲ. ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ, 1951ರ ಜುಲೈ 13ರಂದು, ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಅದನ್ನು ನೆರವೇರಿಸಿದ್ದರು. ಆಗ ಸಂಕಲ್ಪಿತವಾಗಿದ್ದ ಕಟ್ಟಡವು ಸಾಧಾರಣವಾದುದು. ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟರು. ಬೆಂಗಳೂರನ್ನು ಕಂಡ ರಷ್ಯನ್ ನಿಯೋಗವೊಂದು, ಇಲ್ಲಿಯ ಕಟ್ಟಡಗಳೆಲ್ಲವೂ ಐರೋಪ್ಯವಾಗಿವೆ, ನಿಮ್ಮ ಸ್ವಂತ ವಾಸ್ತುಶಿಲ್ಪವೆಂಬುದು ಇಲ್ಲವೇ ಎಂದು ಅವರನ್ನು ಕೇಳಿತೆಂದು ಒಂದು ಐತಿಹ್ಯವುಂಟು. ಆ ಪ್ರಶ್ನೆ ಕೇಳಿದ್ದರೂ ಕೇಳದಿದ್ದರೂ, 1949ರಲ್ಲಿ ವೀಣೆಯ ನಾದವನ್ನು ಬಯಸಿದವರಿಗೆ ಅದು ಹೊಸದಾಗಿ ಹೊಳೆಯಬೇಕಾಗಿರಲಿಲ್ಲ. ಮುಖ್ಯ ಎಂಜಿನಿಯರರಾದ ಬಿ. ಆರ್. ಮಾಣಿಕ್ಕಂ ಅವರ ಮೇಲ್ವಿಚಾರಣೆಯಲ್ಲಿ, ದ್ರಾವಿಡ ದೇವಾಲಯಶಿಲ್ಪದ ಅಂಗಗಳನ್ನು ಕೂಡಿಸಿಕೊಂಡು, ಸುಮಾರು 700 ಅಡಿ ಉದ್ದ 350 ಅಡಿ ಅಗಲದ ಕಣಶಿಲೆಯ ಮಂದಿರವು ಮೇಲೆದ್ದಿತು. ಮುಂಭಾಗದ ಮಂಟಪದಲ್ಲಿ 40 ಅಡಿ ಎತ್ತರದ ಹನ್ನೆರಡು ಕಂಬಗಳು. ಅವುಗಳ ಮುಂದೆ ಅಗಲವಾದ ಮೆಟ್ಟಿಲುಗಳ ಸಾಲು. ಮೇಲೆ ನಡುವೆ ಗುಮ್ಮಟ. ಸಾವಿರಾರು ಕೂಲಿಗಾರರೂ ಕಲ್ಲುಕುಟಿಗರೂ ಅಲ್ಲಿ ದುಡಿದರು. ಸೆರೆಮನೆಯ ಬಂದಿಗಳ ದುಡಿಮೆಯನ್ನೂ ಉಪಯೋಗಿಸಿಕೊಳ್ಳಲಾಯಿತು.

ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. 'ಸೌಧ' ಶಬ್ದವು 'ಸುಧಾ' ಎಂಬುದರಿಂದ ಬಂದುದು. ಇಲ್ಲಿ ಸುಧೆಯೆಂದರೆ ಅಮೃತವಲ್ಲ, ಸುಣ್ಣದ ಗಾರೆ. ಗಾರೆಯಿಂದ ಬೆಳ್ಳಗೆ ಬಳಿದ ದೊಡ್ಡ ಮನೆಯು ಸೌಧ. ಬೆಂಗಳೂರಿನ ಸೌಧದಲ್ಲಾದರೋ ಸುಣ್ಣದ ಲೇಪಕ್ಕೆ ಕೆಲಸವೇ ಇಲ್ಲ. ಕಲ್ಲು ಕಲ್ಲಾಗಿಯೇ ಕಾಣುತ್ತದೆ. ರೂಢಿಯು ಯೋಗಾರ್ಥವನ್ನು ನುಂಗುವುದಕ್ಕೆ ಇದು ಅಧ್ಯಾಪಕರಿಗೆ ಒಳ್ಳೆಯ ನಿದರ್ಶನ. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಕನ್ನಡ ವಾಕ್ಯವನ್ನು ಅದರ ಹಣೆಯ ಮೇಲೆ ಬರೆಯಿಸಿದುದು ಕೂಡ ದೇಗುಲದ ಭಾವನೆಗೆ ಅನುಗುಣವಾದದ್ದೇ. 1957ರಲ್ಲಿ ಅದನ್ನು ತೆಗೆದು ಮುಂಡಕೋಪನಿಷತ್ತಿನಿಂದ ಆಯ್ದ ರಾಷ್ಟ್ರಧ್ಯೇಯವಾಕ್ಯವನ್ನು ಬರೆಯಿಸುವ ಆಲೋಚನೆಯು ಸರ್ಕಾರದಲ್ಲಿ ನಡೆದಿತ್ತು, ಕಾರ್ಯಕ್ಕೆ ಬರಲಿಲ್ಲ.

ವೆಚ್ಚವು ಒಂದೂಮುಕ್ಕಾಲು ಕೋಟಿ ರೂಪಾಯಿಗಳನ್ನು ಮೀರಿತು. ಆ ಕಾಲದ ಮೈಸೂರಿಗೆ ಅದು ಸಣ್ಣ ಮೊತ್ತವಲ್ಲ. ಹಳ್ಳಿಗಳಲ್ಲಿ ಶಾಲೆಯೂ ಆಸ್ಪತ್ರೆಯೂ ಕುಡಿಯುವ ನೀರೂ ಇಲ್ಲದಿರುವಾಗ ಶಾಸಕರಿಗೆ ಅರಮನೆಯೇಕೆಂದು ವಿರೋಧಪಕ್ಷದವರು ಕೇಳಿದರು. ಆ ಪ್ರಶ್ನೆಯನ್ನು ಕ್ಷುದ್ರವೆಂದು ತಿರಸ್ಕರಿಸಲಾಗದು. ಆದರೆ ಹನುಮಂತಯ್ಯನವರಿಗೆ ಹೆಚ್ಚು ಅಪಾಯಕಾರಿಯಾದುದು ಬಹಿರಂಗವಾಗಿ ಕೇಳಿದವರ ಪ್ರಶ್ನೆಯಲ್ಲ. ಸೌಧವು ಸಂಸ್ಥಾನದ್ದೆಂಬುದಕ್ಕಿಂತ ಹೆಚ್ಚಾಗಿ ಅದು ಅವರೊಬ್ಬರದೆಂದು ಎಲ್ಲರ ಬಾಯಲ್ಲಿ ಬರುವಂತಾಯಿತು. ಸಹೋದ್ಯೋಗಿಗಳಿಗೆ ಯಶಸ್ಸಿನಲ್ಲಿ ಭಾಗವಿಲ್ಲ, ಅಪವಾದದಲ್ಲಿ ಮಾತ್ರ ಭಾಗ. ಇಂಥ ಏರ್ಪಾಡನ್ನು ಬಹುಕಾಲ ಸಹಿಸುವವರು ವಿರಳ. ಸಂಸ್ಕೃತದಲ್ಲಿ ನಾಯಕ, ನಯ, ನೀತಿ ಈ ಮೂರು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದುವು. ಹನುಮಂತಯ್ಯನವರಲ್ಲಿ ನೀತಿಯಿತ್ತು, ದೂರದೃಷ್ಟಿಯಿತ್ತು. ನಯವು ಸಭೆಯ ಭಾಷಣಗಳಲ್ಲಿ ಕಾಣಿಸುತ್ತಿದ್ದಷ್ಟು ಪಕ್ಷದ ಕೊಠಡಿಯಲ್ಲಿ ಕಾಣಿಸುತ್ತಿರಲಿಲ್ಲವೆಂಬುದು ಅವರ ಆಡಳಿತಶೈಲಿಯನ್ನು ಪರಿಶೀಲಿಸಿದವರು ಸಾಮಾನ್ಯವಾಗಿ ಒಪ್ಪುವ ಮಾತು.

ಸಾಹಿತ್ಯಾಭ್ಯಾಸಿಗಳು ಅವರನ್ನು ಸ್ಮರಿಸುವುದಕ್ಕೆ ಮತ್ತೊಂದು ಕಾರಣವುಂಟು. ಅವರಿಗೆ ಕುಮಾರವ್ಯಾಸನಲ್ಲಿ ಅಪಾರವಾದ ಆದರವಿದ್ದಿತು. ಕರ್ಣಾಟ ಭಾರತ ಕಥಾಮಂಜರಿಯನ್ನು ಸಾಮಾನ್ಯ ಜನರು ಕೊಳ್ಳಬಹುದಾದ ಅಲ್ಪಮೌಲ್ಯಕ್ಕೆ ಸರ್ಕಾರವೇ ಅಚ್ಚು ಹಾಕಿಸಿ ಹಂಚುವ ಕಾರ್ಯವು ಅವರ ಆಸಕ್ತಿಯಿಂದ ಹೊರಟದ್ದು. ಕುವೆಂಪು ಮತ್ತು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅದರ ಸಂಪಾದಕರಾದರು. ಗಮಕಿಗಳ ಮನೆಗಳಲ್ಲಿಯೂ ಹಳ್ಳಿಯ ಚಾವಡಿಗಳಲ್ಲಿಯೂ ಆ ದಪ್ಪ ಪುಸ್ತಕವು ಸೇರಿದ ಬಗೆಯನ್ನು ಬಲ್ಲವರು ಬಲ್ಲರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಕವಿಯು ಮೈಸೂರು ಸಂಸ್ಥಾನದವನಲ್ಲ, ಗದುಗಿನವನು. 1956ಕ್ಕೆ ಮೊದಲು ಗದಗು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮೈಸೂರಿನ ಗಮಕಿಯು ತನ್ನದೆಂದು ಹಾಡುತ್ತಿದ್ದ ಕಾವ್ಯದ ಊರು ಬೇರೆ ಸರ್ಕಾರದ ಕೆಳಗಿದ್ದಿತು. ಕರ್ಣಾಟಕದ ಏಕೀಕರಣವು ಕಾವ್ಯದಲ್ಲಿ ಎಂದೋ ಆಗಿಹೋಗಿತ್ತು, ಭೂಪಟದಲ್ಲಿ ಆಗಬೇಕಾಗಿದ್ದಿತು.

ಏಕೀಕರಣದ ಪ್ರಶ್ನೆಯೇ ಹನುಮಂತಯ್ಯನವರ ನಾಯಕತ್ವಕ್ಕೆ ನಿಜವಾದ ಒರೆಗಲ್ಲಾಯಿತು. 1953ರಲ್ಲಿ ಅದರಗುಂಚಿ ಶಂಕರಗೌಡರ ಉಪವಾಸ, ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆಯ ಮುಂದೆ ನಡೆದ ಜನರ ಪ್ರದರ್ಶನ ಮತ್ತು ಗಲಭೆ, ಇವುಗಳಿಂದ ಉತ್ತರದ ಕನ್ನಡಿಗರ ಮನಸ್ಸು ಎಲ್ಲರಿಗೂ ತಿಳಿಯಿತು. ಮೈಸೂರಿನ ಮನಸ್ಸು ಅಷ್ಟು ಸ್ಪಷ್ಟವಾಗಿರಲಿಲ್ಲ. ಉತ್ತಮ ಆಡಳಿತವೆಂದು ಹೆಸರಾದ ಸಂಸ್ಥಾನದ ಉತ್ಪತ್ತಿಯು ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋದೀತೆಂಬ ಅಂಜಿಕೆ ಒಂದು. ಹೊರಗೆ ಹೆಚ್ಚು ಆಡದೆ ಒಳಗೆ ಹೆಚ್ಚು ಎಣಿಸುತ್ತಿದ್ದ ಲೆಕ್ಕ ಇನ್ನೊಂದು. ಹಳೆಯ ಮೈಸೂರಿನ ಗ್ರಾಮಾಂತರ ರಾಜಕೀಯದಲ್ಲಿ ಒಕ್ಕಲಿಗರ ಪ್ರಾಬಲ್ಯವಿದ್ದಿತು. ಮುಂಬಯಿ ಹೈದರಾಬಾದುಗಳ ಕನ್ನಡ ಜಿಲ್ಲೆಗಳು ಸೇರಿದರೆ ಲಿಂಗಾಯತರ ಸಂಖ್ಯೆಯು ಮುಂದಾಗುವುದು ಎಲ್ಲರಿಗೂ ವಿದಿತವಾಗಿದ್ದಿತು. ಹನುಮಂತಯ್ಯನವರು ಒಕ್ಕಲಿಗ ಮನೆತನದವರು. ಅವರ ಬೆಂಬಲಿಗರಲ್ಲಿ ಅನೇಕರು ಏಕೀಕರಣವನ್ನು ಬಯಸದವರು ಅಥವಾ ಎರಡು ಕನ್ನಡ ರಾಜ್ಯಗಳಿರಲೆಂದು ವಾದಿಸಿದವರು.

ಅವರು ಮೊದಲಲ್ಲಿ ಜಾಗರೂಕರಾಗಿ ಹೆಜ್ಜೆಯಿಟ್ಟರು. ಸಂಗತಿಗಳನ್ನು ಸಂಗ್ರಹಿಸುವುದಕ್ಕಾಗಿ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಸಮಿತಿಯೊಂದು 1953ರಲ್ಲಿ ನೇಮಿಸಲ್ಪಟ್ಟಿತು. ಇದು ಕಾಲಹರಣದ ಉಪಾಯವೆಂಬ ಶಂಕೆಗೆ ಆಗ ಎಡೆಯಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತ ಸರ್ಕಾರವು ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. 1955ರ ಸೆಪ್ಟೆಂಬರ್ ಕೊನೆಯಲ್ಲಿ ಆಯೋಗವು ವರದಿಯನ್ನೊಪ್ಪಿಸಿ, ಕನ್ನಡ ಪ್ರದೇಶಗಳು ಒಂದು ರಾಜ್ಯವಾಗಬೇಕೆಂದು ಶಿಫಾರಸು ಮಾಡಿತು. ತುಂಗಭದ್ರಾ ಯೋಜನೆಯ ಕಾರಣದಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಅದು ಸೂಚಿಸಿದುದನ್ನು ಕೇಂದ್ರ ಸರ್ಕಾರವು ಅಂಗೀಕರಿಸಲಿಲ್ಲ. ವರದಿಯ ಮೇಲೆ ಮೈಸೂರು ಶಾಸನಸಭೆಯಲ್ಲಿ ದೀರ್ಘವಾದ ಚರ್ಚೆಯು ನಡೆಯಿತು. ಒಂದೇ ಪಕ್ಷದ ಸದಸ್ಯರು ಎದುರುಬದುರಾಗಿ ವಾದಿಸಿದರು. ಹನುಮಂತಯ್ಯನವರು ಏಕೀಕರಣದ ಪಕ್ಷವನ್ನೇ ಎತ್ತಿಹಿಡಿದರು. ಸ್ವಂತ ಲಾಭವನ್ನು ಎಣಿಸಿದ್ದರೆ ಹಾಗೆ ಮಾಡಲು ಅವರಿಗೆ ಕಾರಣವೇ ಇರಲಿಲ್ಲ. ವಿಸ್ತೃತ ರಾಜ್ಯದಲ್ಲಿಯೂ ತಾವೇ ನಾಯಕರಾಗುವೆವೆಂಬ ವಿಶ್ವಾಸವು ಅವರಿಗಿದ್ದಿರಬಹುದೆಂದು ಹೇಳುವವರಿದ್ದಾರೆ. ಹಾಗಿದ್ದರೂ ಅದು ಕಾರ್ಯದ ಬೆಲೆಯನ್ನು ಕಡಮೆ ಮಾಡುವುದಿಲ್ಲ. ಮೈಸೂರಿನ ಮುಖ್ಯಮಂತ್ರಿಯು ಆಗ ಹಟದಿಂದ ವಿರೋಧಿಸಿ ನಿಂತಿದ್ದರೆ ನವೆಂಬರ್ ಒಂದನೆಯ ದಿನವು ಅಷ್ಟು ಸುಗಮವಾಗಿ ಬರುತ್ತಿರಲಿಲ್ಲ.

ಇಲ್ಲಿಂದ ಪತನಕ್ಕೆ ದೂರವಿರಲಿಲ್ಲ. ಏಕೀಕರಣವನ್ನು ಬೇಡವೆಂದ ತನ್ನವರು ಅವರನ್ನು ಕ್ಷಮಿಸಲಿಲ್ಲ. ಏಕೀಕರಣವನ್ನು ಬೇಕೆಂದವರಿಗೆ ಬೇರೆ ನಾಯಕರು ಸಿದ್ಧರಾಗಿದ್ದರು: ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು ಮೈಸೂರಿನಲ್ಲಿ ನೆಲೆಸಿಯೂ ಹುಬ್ಬಳ್ಳಿಯ ಕಡೆಯ ಕರ್ಣಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಎರಡೂ ಕಡೆ ಕಾಲೂರಿದವರು. ಸೌಧದ ವೆಚ್ಚದ ಮಾತು, ಹಂಚಿಕೆಯಾಗದ ಅಧಿಕಾರದ ಮಾತು, ಅವಮಾನಿತರಾದೆವೆಂಬವರ ಮಾತು, ಇವೆಲ್ಲವೂ ಒಂದೆಡೆ ಸೇರಿದುವು. 1956ರ ಆಗಸ್ಟಿನಲ್ಲಿ ಶಾಸಕಪಕ್ಷದಲ್ಲಿಯೇ ಅವರ ವಿರುದ್ಧ ಅವಿಶ್ವಾಸವು ವ್ಯಕ್ತವಾಯಿತು. 19ನೆಯ ತಾರೀಖಿನಂದು ಅವರ ಮಂತ್ರಿಮಂಡಲವು ಮುಗಿದು, ಕಡಿದಾಳು ಮಂಜಪ್ಪನವರು ಮುಖ್ಯಮಂತ್ರಿಗಳಾದರು. ರಾಜ್ಯ ಪುನರ್ವಿಂಗಡಣಾ ಶಾಸನಕ್ಕೆ ರಾಷ್ಟ್ರಪತಿಗಳ ಅಂಕಿತವು ಬಿದ್ದುದು ಅದೇ ತಿಂಗಳ 31ರಂದು. ಯಾವ ರಾಜ್ಯಕ್ಕಾಗಿ ಅವರು ತಮ್ಮವರನ್ನು ಎದುರುಹಾಕಿಕೊಂಡರೋ ಅದಕ್ಕೆ ಶಾಸನರೂಪವು ಬರುವುದಕ್ಕೆ ಹನ್ನೆರಡು ದಿನ ಮೊದಲೇ ಅವರು ಅಧಿಕಾರದಲ್ಲಿರಲಿಲ್ಲ.

ಮಂಜಪ್ಪನವರ ಆಡಳಿತವು 74 ದಿನಗಳದ್ದು. ಸಜ್ಜನರೆಂದು ಎಲ್ಲರ ಗೌರವಕ್ಕೂ ಪಾತ್ರರಾದ ಅವರಿಗೆ ದೊರೆತುದು ಹಳೆಯ ಮೈಸೂರಿನ ಲೆಕ್ಕವನ್ನು ಮುಗಿಸಿ ಕೀಲಿಕೈಗಳನ್ನು ಒಪ್ಪಿಸುವ ಕಾರ್ಯ. ನವೆಂಬರ್ 1ರಂದು ವಿಶಾಲ ಮೈಸೂರು ಉದಿಸಿತು. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ನಿಜಲಿಂಗಪ್ಪನವರು ಮೊದಲ ಮುಖ್ಯಮಂತ್ರಿಗಳಾದರು. ಅವರನ್ನೂ ಎರಡು ವರ್ಷ ತುಂಬುವ ಮೊದಲೇ, 1958ರಲ್ಲಿ, ಅದೇ ಬಗೆಯ ಪಕ್ಷದ ಕೊಠಡಿಯೇ ಇಳಿಸಿ ಬಿ. ಡಿ. ಜತ್ತಿಯವರನ್ನು ಏರಿಸಿತೆಂಬುದನ್ನು ನೆನೆದರೆ, ಹನುಮಂತಯ್ಯನವರ ಪತನವು ಅವರೊಬ್ಬರ ಸ್ವಭಾವದೋಷದಿಂದಲೇ ಆಯಿತೆನ್ನುವುದು ಸಾಹಸದ ಮಾತಾದೀತು. ನಿಜಲಿಂಗಪ್ಪನವರು ಮರಳಿ ಬಂದರು. ಹನುಮಂತಯ್ಯನವರಿಗೆ ಆ ಪೀಠವು ಮತ್ತೆ ದೊರೆಯಲಿಲ್ಲ. ವಿಸ್ತರಿಸಿದ ರಾಜ್ಯದ ಶಾಸಕಪಕ್ಷದಲ್ಲಿ ಅವರ ಕಡೆಯವರ ಸಂಖ್ಯೆಯು ಸಾಲುತ್ತಿರಲಿಲ್ಲ, ಮತ್ತು ಆ ವಿಸ್ತರಣಕ್ಕೆ ಅವರೂ ಕಾರಣರಾಗಿದ್ದರು.

ಸೌಧದ ವೆಚ್ಚವನ್ನು ಕುರಿತು ವಿಚಾರಣೆಯು ನಡೆಯಿತು; ಅದರಿಂದ ಅವರಿಗೆ ನೋವಾಯಿತೇ ಹೊರತು ಸೌಧದ ಕಲ್ಲೊಂದೂ ಕದಲಲಿಲ್ಲ. 1962ರಲ್ಲಿ ಅವರು ಬೆಂಗಳೂರಿನಿಂದ ಲೋಕಸಭೆಗೆ ಹೋದರು. ಮೊರಾರ್ಜಿ ದೇಸಾಯಿಯವರ ತರುವಾಯ 1967ರಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ ಅದರ ವರದಿಗಳ ಬಹುಭಾಗವನ್ನು ಪೂರೈಸಿದರು. ಕೇಂದ್ರದಲ್ಲಿ ನ್ಯಾಯಶಾಖೆಯನ್ನೂ ಅನಂತರ ರೈಲ್ವೆ ಶಾಖೆಯನ್ನೂ ಕೆಲಕಾಲ ನಿರ್ವಹಿಸಿದರು. 1977ರ ಚುನಾವಣೆಯಲ್ಲಿ ಮಾಜಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರಿಗೆ ಸೋತರು. 1980ರ ಡಿಸೆಂಬರ್ 1ರಂದು ನಿಧನರಾದರು.

ವಿಧಾನಸೌಧದಲ್ಲಿ ಶಾಸನಸಭೆಯು ಮೊದಲ ಬಾರಿಗೆ ಸೇರಿದುದು 1956ರ ಡಿಸೆಂಬರ್ 19ರಂದು. ಮುಖ್ಯಮಂತ್ರಿಯ ಪೀಠದಲ್ಲಿ ಆ ದಿನ ಕುಳಿತವರು ನಿಜಲಿಂಗಪ್ಪನವರು. ಹನುಮಂತಯ್ಯನವರು ಪೀಠವನ್ನು ಬಿಟ್ಟು ಅಂದಿಗೆ ಸರಿಯಾಗಿ ನಾಲ್ಕು ತಿಂಗಳಾಗಿದ್ದುವು.